ಹುಟ್ಟಿದ ಮಗುವಿನ ರಕ್ತದಲ್ಲಿ ತಂಬಾಕಿನ ಗುರುತು: ಯಾವ ಪ್ರಶ್ನೆಗೆ ಯಾವ ಪರೀಕ್ಷೆ?

ಬಸುರಿನಲ್ಲಿ ತಾಯಿ ಸಿಗರೇಟು ಸೇದಿದರೂ, ತಂಬಾಕು ಅಗಿದರೂ, ಪಕ್ಕದವರು ಬಿಟ್ಟ ಹೊಗೆ ಕುಡಿದರೂ ನಿಕೋಟಿನ್ ಮಾಸನ್ನು ದಾಟಿ ಮಗುವಿನ ರಕ್ತ ಸೇರುತ್ತದೆ. ಹೊಗೆಯಾದರೆ ಅದರ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಹೋಗುತ್ತದೆ. ಇದರಿಂದ ಏನಾಗುತ್ತದೆ ಎಂಬುದು ವೈದ್ಯರಿಗೆ ಬಹಳ ಕಾಲದಿಂದ ಗೊತ್ತು. ಸೇದುವ ತಾಯಂದಿರ ಮಕ್ಕಳ ತೂಕ ಸರಾಸರಿ 200 ಗ್ರಾಂ ಆಸುಪಾಸು ಕಡಿಮೆ. ದಿನ ತುಂಬುವ ಮುಂಚೆ ಹೆರಿಗೆ ಆಗುವುದು, ಮಾಸು ಬೇಗ ಕಳಚಿಕೊಳ್ಳುವುದು, ಮಗು ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ತೀರಿಹೋಗುವುದು, ಈ ಮೂರರ ಅಪಾಯವೂ ಜಾಸ್ತಿ.

ಹಾಗಾಗಿ ಯಾವ ಮಗುವಿಗೆ ತಂಬಾಕು ಎಷ್ಟು ಮುಟ್ಟಿದೆ ಎಂದು ಅಳೆಯಬೇಕಾಗುತ್ತದೆ. ಅಳೆಯಲು ಹೊರಟವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಯಾವ ಟೆಸ್ಟ್ ಬೆಸ್ಟ್?" ನನ್ನ ಪ್ರಕಾರ ಶುರು ಮಾಡಬೇಕಾದ್ದು ಅಲ್ಲಿಂದಲ್ಲ. ನಿಮಗೆ ಬೇಕಿರುವುದು ಯಾವ ಹೊತ್ತಿನ ಸುದ್ದಿ? ಹೆರಿಗೆಯ ಹಿಂದಿನ ಎರಡು ದಿನದ್ದೋ, ಕೊನೆಯ ಮೂರು ತಿಂಗಳದ್ದೋ, ಇಡೀ ಬಸುರಿನದ್ದೋ? ಇದು ತೀರ್ಮಾನವಾದರೆ ಅರ್ಧ ಆಯ್ಕೆ ತಾನಾಗೇ ಮುಗಿಯುತ್ತದೆ. ಇದನ್ನು ಬಿಟ್ಟು ಯಂತ್ರದ ಸೂಕ್ಷ್ಮತೆ, ಕಿಟ್‌ನ ಬೆಲೆ ಎಂದು ಹೋಲಿಸುತ್ತಾ ಕೂತರೆ, ಬಹಳ ನಿಖರವಾಗಿ ತಪ್ಪು ವಸ್ತುವನ್ನು ಅಳೆದಂತೆ ಆಗುತ್ತದೆ.

ಕೊಟಿನಿನ್: ಎಲ್ಲರೂ ಮೊದಲು ನೋಡುವುದು

ನಿಕೋಟಿನ್ ನೇರವಾಗಿ ಅಳೆಯಬಹುದು, ಆದರೆ ಅದು ನಿಲ್ಲುವುದಿಲ್ಲ. ದೊಡ್ಡವರ ರಕ್ತದಲ್ಲಿ ಅದರ ಅರ್ಧಾಯು ಸುಮಾರು 2 ಗಂಟೆ. ಅಂದರೆ ಪ್ರತಿ 2 ಗಂಟೆಗೆ ಇದ್ದದ್ದರಲ್ಲಿ ಅರ್ಧ ಖಾಲಿ. ಅದರ ಬದಲು ಕೊಟಿನಿನ್ ನೋಡುತ್ತಾರೆ. ಮೈಗೆ ಸೇರಿದ ನಿಕೋಟಿನ್‌ನಲ್ಲಿ ಶೇಕಡಾ 70ರಿಂದ 80ರಷ್ಟನ್ನು ಯಕೃತ್ತು ಕೊಟಿನಿನ್ ಆಗಿ ಬದಲಾಯಿಸುತ್ತದೆ. ಇದರ ಅರ್ಧಾಯು ಬಸುರಿಯಲ್ಲದ ದೊಡ್ಡವರಲ್ಲಿ ಸುಮಾರು 17 ಗಂಟೆ. ಇನ್ನೊಂದು ಅನುಕೂಲವೂ ಇದೆ. ನಿಕೋಟಿನ್ ಹೊಗೆಯಿಂದ, ಸೇದುವವರ ಬೆರಳಿನಿಂದ ಕಾಗದಕ್ಕೂ ಗಾಜಿಗೂ ಅಂಟಿಕೊಳ್ಳುತ್ತದೆ. ಕೊಟಿನಿನ್ ಹೆಚ್ಚಾಗಿ ದೇಹದೊಳಗೇ ಆಗುವಂಥದ್ದು. ಹಾಗಾಗಿ ಸ್ಯಾಂಪಲ್‌ನಲ್ಲಿ ಅದು ಕಂಡರೆ ಹೊರಗಿಂದ ಮೆತ್ತಿಕೊಂಡದ್ದು ಎಂಬ ಅನುಮಾನ ಕಡಿಮೆ.

ಆದರೆ ಬಸುರಿ ಹೆಂಗಸಿನ ಮೈ ಕೊಟಿನಿನ್ ಅನ್ನು ಬೇಗ ಕರಗಿಸುತ್ತದೆ. ಆ ಸಮಯದಲ್ಲಿ ಅರ್ಧಾಯು ಸುಮಾರು 9 ಗಂಟೆಗೆ ಇಳಿಯುತ್ತದೆ. ಹೆರಿಗೆ ಆದ ಮೇಲೆ ಮತ್ತೆ ಮೊದಲಿನಂತೆ. ಈ ಒಂದು ಸಂಗತಿ ಮರೆತು ಎಷ್ಟೋ ಲೆಕ್ಕಗಳು ಹಾಳಾಗುತ್ತವೆ. ನೋವು ಶುರುವಾಗಿ 18 ಗಂಟೆ ಆಸ್ಪತ್ರೆಯಲ್ಲಿದ್ದ ತಾಯಿ ಅಷ್ಟು ಹೊತ್ತೂ ಸೇದಿರುವುದಿಲ್ಲ. ಮಗು ಹುಟ್ಟುವ ಹೊತ್ತಿಗೆ ಅವಳ ರಕ್ತದಲ್ಲಿ ಮೊದಲಿದ್ದ ಕೊಟಿನಿನ್‌ನ ಕಾಲು ಭಾಗ ಮಾತ್ರ ಉಳಿದಿರುತ್ತದೆ. ಎರಡು ದಿನ ಮುಂಚೆ ಅಡ್ಮಿಟ್ ಆಗಿದ್ದರೆ ಉಳಿಯುವುದು ಶೇಕಡಾ 3ಕ್ಕಿಂತ ಕಡಿಮೆ. ಒಂಬತ್ತು ತಿಂಗಳೂ ಸೇದಿದವಳ ಮಗು ಪರೀಕ್ಷೆಯಲ್ಲಿ "ಇಲ್ಲ" ಎಂದು ಬರಬಹುದು. ಆಸ್ಪತ್ರೆ ಸೇರಿದ ಸ್ವಲ್ಪ ಹೊತ್ತಿಗೇ ಹೆರಿಗೆ ಆದವಳು ಅವಳಿಗಿಂತ ಕಡಿಮೆ ಸೇದಿದ್ದರೂ ಮಗುವಿನ ರಕ್ತದಲ್ಲಿ ಜಾಸ್ತಿ ಕಾಣಬಹುದು.

ಮಗುವಿನ ರಕ್ತ ಎರಡು ಜಾಗದಿಂದ ಸಿಗುತ್ತದೆ. ಒಂದು ಹೊಕ್ಕುಳ ಬಳ್ಳಿ, ಇನ್ನೊಂದು ಹಿಮ್ಮಡಿ. ಇವೆರಡರ ನಡುವಿನ ಆಯ್ಕೆ ಬರೀ ಅನುಕೂಲದ ವಿಷಯ ಅಂದುಕೊಳ್ಳಬೇಡಿ.

ಬಳ್ಳಿಯ ರಕ್ತ ಹುಟ್ಟಿದ ಕ್ಷಣದ್ದು. ಮಗುವಿಗೆ ಚುಚ್ಚುವ ಕೆಲಸವಿಲ್ಲ. ಎಸೆದುಬಿಡುವ ಮಾಸಿನ ಕಡೆಯಿಂದ ಹಲವು ಮಿಲಿಲೀಟರ್ ಸಿಗುತ್ತದೆ. ಅದರಲ್ಲಿನ ಕೊಟಿನಿನ್ ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ತುಸು ಕಡಿಮೆ ಇದ್ದರೂ ಅದರ ಜೊತೆಜೊತೆಗೇ ಏರಿಳಿಯುತ್ತದೆ. ತೊಂದರೆ ಏನೆಂದರೆ, ಹೆರಿಗೆ ಕೋಣೆಯಲ್ಲಿ ಆ ಹೊತ್ತಿಗೆ ಅದನ್ನು ಹಿಡಿದಿಡಲು ಒಬ್ಬರು ಬೇಕು. ನಡುರಾತ್ರಿಯ ಹೆರಿಗೆಗಳು, ಅವಸರದ ಸಿಸೇರಿಯನ್‌ಗಳು ತಪ್ಪಿಹೋಗುತ್ತವೆ. ತೊಂದರೆ ಇರುವ ಹೆರಿಗೆಗಳೇ ಹೀಗೆ ಪಟ್ಟಿಯಿಂದ ಜಾರಿದರೆ ಅಧ್ಯಯನವೇ ಒಂದು ಕಡೆ ವಾಲುತ್ತದೆ.

ಹಿಮ್ಮಡಿಯ ರಕ್ತಕ್ಕೆ ಬೇರೆಯದೇ ಬಲ ಇದೆ. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಗತ್ರಿ ಅವರು ಫೀನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆ ಪತ್ತೆಗೆಂದು ಶುರು ಮಾಡಿದ ಪದ್ಧತಿ ಇದು: ಹಿಮ್ಮಡಿ ಚುಚ್ಚಿ, ನಾಲ್ಕೈದು ಹನಿ ರಕ್ತವನ್ನು ದಪ್ಪ ಫಿಲ್ಟರ್ ಕಾಗದದ ಮೇಲಿಳಿಸಿ ಒಣಗಿಸುವುದು. ನವಜಾತ ತಪಾಸಣೆ ಇರುವ ದೇಶಗಳಲ್ಲಿ ಹುಟ್ಟುವ ಹೆಚ್ಚುಕಡಿಮೆ ಪ್ರತಿ ಮಗುವಿನ ಕಾರ್ಡೂ ತಯಾರಾಗುತ್ತದೆ. ತಪಾಸಣೆ ಮುಗಿದ ಮೇಲೆ ಉಳಿದ ಚುಕ್ಕೆಗಳನ್ನು ಕೆಲವು ಕಡೆ ವರ್ಷಗಟ್ಟಲೆ ಕಾಪಿಡುತ್ತಾರೆ. ಯಾರನ್ನೂ ಹೊಸದಾಗಿ ಚುಚ್ಚದೆ ಸಾವಿರಾರು ಮಕ್ಕಳ ಕೊಟಿನಿನ್ ನೋಡಬಹುದು. ಇಷ್ಟು ದೊಡ್ಡ, ಇಷ್ಟು ಕಡಿಮೆ ಪಕ್ಷಪಾತದ ಸ್ಯಾಂಪಲ್ ಬೇರೆ ಯಾವ ದಾರಿಯಲ್ಲೂ ಸಿಗುವುದು ಕಷ್ಟ.

ಆದರೆ ಗಡಿಯಾರದ ಲೆಕ್ಕ ಇಲ್ಲೂ ಬಿಡುವುದಿಲ್ಲ. ನವಜಾತ ಶಿಶುವಿನಲ್ಲಿ ಕೊಟಿನಿನ್ ಅರ್ಧಾಯು ಸುಮಾರು 16 ಗಂಟೆ. (ನಿಕೋಟಿನ್‌ನದ್ದು ಮಾತ್ರ ದೊಡ್ಡವರಿಗಿಂತ ಎಷ್ಟೋ ಜಾಸ್ತಿ, ಸುಮಾರು 11 ಗಂಟೆ. ಪುಟ್ಟ ಯಕೃತ್ತು ಅದನ್ನು ನಿಧಾನವಾಗಿ ಕರಗಿಸುತ್ತದೆ.) ಒಂದು ಮಗುವಿನ ಬಳ್ಳಿ ರಕ್ತದಲ್ಲಿ ಮಿಲಿಲೀಟರ್‌ಗೆ 80 ನ್ಯಾನೋಗ್ರಾಂ ಕೊಟಿನಿನ್ ಇತ್ತು ಎಂದಿಟ್ಟುಕೊಳ್ಳಿ. ಸೇದುವ ತಾಯಿಯ ಮಗು ಎಂಬುದರಲ್ಲಿ ಅನುಮಾನವೇ ಇಲ್ಲ. ಹುಟ್ಟಿ 24 ಗಂಟೆಗೆ ಹಿಮ್ಮಡಿ ಚುಚ್ಚಿದರೆ ಸುಮಾರು 28 ಸಿಗುತ್ತದೆ. 48 ಗಂಟೆಗೆ 10. ಐದನೇ ದಿನ ಚುಚ್ಚಿದರೆ 0.4ರ ಆಸುಪಾಸು. ಅದೇ ಮಗು, ಅದೇ ತಾಯಿ. ಆದರೆ ಐದನೇ ದಿನದ ಅಂಕಿ ನೋಡಿದವರು "ಯಾರೋ ಪಕ್ಕದಲ್ಲಿ ಸೇದಿರಬೇಕು ಅಷ್ಟೇ" ಎಂದು ಬರೆದುಬಿಡಬಹುದು. ಅಮೆರಿಕದಲ್ಲಿ ಸಾಮಾನ್ಯವಾಗಿ 24ರಿಂದ 48 ಗಂಟೆಯೊಳಗೆ ಚುಚ್ಚುತ್ತಾರೆ, ಬ್ರಿಟನ್‌ನಲ್ಲಿ ಐದನೇ ದಿನ. ಹಾಗಾಗಿ ಒಂದು ದೇಶದಲ್ಲಿ ಕಂಡುಕೊಂಡ ಗಡಿ ಅಂಕಿಯನ್ನು (ಇಷ್ಟಕ್ಕಿಂತ ಜಾಸ್ತಿ ಇದ್ದರೆ ತಾಯಿ ಸೇದಿದ್ದಾಳೆ ಎಂದು ತೀರ್ಮಾನಿಸುವ ಅಂಕಿ) ಇನ್ನೊಂದು ದೇಶದ ಕಾರ್ಡುಗಳಿಗೆ ಸುಮ್ನೆ ಎತ್ತಿ ಹಾಕುವಂತಿಲ್ಲ.

ದಿನ ಕಳೆದಷ್ಟೂ ಇನ್ನೊಂದು ಗೋಜಲು ಸೇರಿಕೊಳ್ಳುತ್ತದೆ. ಸೇದುವ ತಾಯಿಯ ಎದೆಹಾಲಿನಲ್ಲಿ ನಿಕೋಟಿನ್, ಕೊಟಿನಿನ್ ಎರಡೂ ಇರುತ್ತವೆ. ಮನೆಯಲ್ಲಿ ಯಾರಾದರೂ ಸೇದಿದರೆ ಮಗುವಿನ ಉಸಿರಿಗೂ ಹೊಗೆ ಸೇರುತ್ತದೆ. ಆಗ ರಕ್ತದಲ್ಲಿ ಕಂಡದ್ದು ಹೊಟ್ಟೆಯಲ್ಲಿದ್ದಾಗಿನದ್ದೋ, ಹುಟ್ಟಿದ ಮೇಲಿನದ್ದೋ ಎಂದು ಬಿಡಿಸುವುದು ಆಗದ ಮಾತು. (ಇದನ್ನು ಓದಿ ಯಾರೂ ಎದೆಹಾಲು ನಿಲ್ಲಿಸಬಾರದು. ಸೇದುವುದು ಬಿಡಲು ಆಗದ ತಾಯಿಗೂ ವೈದ್ಯರು ಹಾಲೂಡಿಸಿ ಎಂದೇ ಹೇಳುತ್ತಾರೆ.)

ಒಂದು ಚುಕ್ಕೆಯೊಳಗೆ ಎಷ್ಟಿರುತ್ತದೆ

ಕಾರ್ಡಿನಿಂದ ಲ್ಯಾಬಿನವರು ಪಂಚ್ ಮಾಡಿ ತೆಗೆಯುವುದು 3 ಮಿಲಿಮೀಟರ್ ಚಿಲ್ಲರೆ ಅಗಲದ ಒಂದು ಬಿಲ್ಲೆ. ಅದರಲ್ಲಿ ಇರುವ ರಕ್ತ ಸುಮಾರು 3 ಮೈಕ್ರೋಲೀಟರ್. ಮೇಲಿನ ಮಗುವಿನ 48 ಗಂಟೆಯ ಅಂಕಿ ತೆಗೆದುಕೊಂಡರೆ ಬಿಲ್ಲೆಯಲ್ಲಿರುವ ಕೊಟಿನಿನ್ 30 ಪಿಕೋಗ್ರಾಂ (ನ್ಯಾನೋಗ್ರಾಂನ ಸಾವಿರದಲ್ಲೊಂದು ಪಾಲು ಒಂದು ಪಿಕೋಗ್ರಾಂ). ಐದನೇ ದಿನದ್ದಾದರೆ 1 ಪಿಕೋಗ್ರಾಂಗಿಂತ ತುಸು ಜಾಸ್ತಿ. ಇಷ್ಟು ಅಲ್ಪ ಪ್ರಮಾಣ ಹಿಡಿಯಲು ಯಾವ ಯಂತ್ರ ಬೇಕು ಎಂಬುದು ಆಮೇಲೆ ಯೋಚಿಸುವ ಸಣ್ಣ ವಿಷಯವಲ್ಲ ಅಲ್ವಾ?

ಇಲ್ಲಿ ಎರಡು ದಾರಿ. ಎಲೈಸಾ ಕಿಟ್ (ಬೇಕಾದ ವಸ್ತುವಿಗೆ ಅಂಟುವ ಪ್ರತಿಕಾಯ ಬಳಸಿ ಅಳೆಯುವ ಪರೀಕ್ಷೆ) ಅಗ್ಗ, ಸಾಧಾರಣ ಲ್ಯಾಬ್‌ನಲ್ಲೂ ನಡೆಯುತ್ತದೆ. ಆದರೆ ಅದರ ಪ್ರತಿಕಾಯ ಕೊಟಿನಿನ್‌ಗೆ ಮಾತ್ರ ಅಂಟುವುದಿಲ್ಲ, ಅದರದೇ ಮುಂದಿನ ರೂಪವಾದ ಹೈಡ್ರಾಕ್ಸಿಕೊಟಿನಿನ್‌ಗೂ ಅಂಟುತ್ತದೆ. ಹಾಗಾಗಿ ಅಂಕಿ ಸ್ವಲ್ಪ ಉಬ್ಬಿ ಬರುತ್ತದೆ. ಬಳ್ಳಿ ರಕ್ತದ ಸೀರಂ (ಕಣಗಳನ್ನು ತೆಗೆದ ಮೇಲೆ ಉಳಿಯುವ ತಿಳಿ) ಧಾರಾಳವಾಗಿ ಇದ್ದು, "ಸೇದುತ್ತಿದ್ದಳೋ ಇಲ್ಲವೋ" ಎಂಬಷ್ಟೇ ತಿಳಿಯಬೇಕಿದ್ದರೆ ಎಲೈಸಾ ಸಾಕು. ಒಣ ಚುಕ್ಕೆಗೆ, ಅದರಲ್ಲೂ ಪಕ್ಕದವರ ಹೊಗೆ ಅಳೆಯುವ ಉದ್ದೇಶಕ್ಕೆ, ಲಿಕ್ವಿಡ್ ಕ್ರೊಮೆಟೋಗ್ರಫಿ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್ (ವಸ್ತುಗಳನ್ನು ಬೇರ್ಪಡಿಸಿ, ಅಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ. ಅದರಲ್ಲಿ ಭಾರದ ಹೈಡ್ರೋಜನ್ ಸೇರಿಸಿ ಮಾಡಿದ ಕೊಟಿನಿನ್ ಅನ್ನು ಗೊತ್ತಿರುವ ಪ್ರಮಾಣದಲ್ಲಿ ಪ್ರತಿ ಸ್ಯಾಂಪಲ್‌ಗೂ ಬೆರೆಸುತ್ತಾರೆ. ಕಾಗದದಿಂದ ಎಷ್ಟು ಬಿಟ್ಟುಕೊಂಡಿತು, ಎಷ್ಟು ಕಳೆದುಹೋಯಿತು ಎಂಬುದಕ್ಕೆ ಅದೇ ಅಳತೆಗೋಲು.

ಚುಕ್ಕೆಗೆ ಅದರದೇ ಆದ ತಕರಾರುಗಳೂ ಇವೆ. ನವಜಾತ ಶಿಶುವಿನ ರಕ್ತ ಮಂದ. ಅದರಲ್ಲಿ ಕೆಂಪುಕಣಗಳ ಪಾಲು ಶೇಕಡಾ 45ರಿಂದ 65ರವರೆಗೂ ಇರುತ್ತದೆ. ಮಂದ ರಕ್ತ ಕಾಗದದ ಮೇಲೆ ಕಡಿಮೆ ಹರಡುತ್ತದೆ. ಹಾಗಾಗಿ ಒಂದೇ ಅಳತೆಯ ಬಿಲ್ಲೆಯಲ್ಲಿ ಒಂದು ಮಗುವಿನ ರಕ್ತ ಸ್ವಲ್ಪ ಜಾಸ್ತಿ, ಇನ್ನೊಂದರದ್ದು ಸ್ವಲ್ಪ ಕಡಿಮೆ. ಅದೂ ಅಲ್ಲದೆ ಇದು ಪೂರ್ಣ ರಕ್ತ, ಸೀರಂ ಅಲ್ಲ. ಸೀರಂಗೆಂದು ಮಾಡಿದ ಗಡಿ ಅಂಕಿ ಇಲ್ಲಿ ನೇರವಾಗಿ ಹೊಂದುವುದಿಲ್ಲ. ಇನ್ನು ಕಾಗದವೇ ಹೊಗೆಯಿದ್ದ ಜಾಗದಲ್ಲಿ ಇದ್ದಿದ್ದರೆ? ಅದಕ್ಕೆ ಸುಲಭ ಉಪಾಯವಿದೆ. ಅದೇ ಕಾರ್ಡಿನ ರಕ್ತವಿಲ್ಲದ ಮೂಲೆಯಿಂದಲೂ ಒಂದು ಬಿಲ್ಲೆ ತೆಗೆದು ಜೊತೆಯಲ್ಲೇ ಓಡಿಸಿ. ಖಾಲಿ ಬಿಲ್ಲೆಯಲ್ಲೂ ಏನಾದರೂ ಕಂಡರೆ ಆ ಕಾರ್ಡಿನ ಸಣ್ಣ ಅಂಕಿಗಳನ್ನು ನಂಬಬೇಡಿ.

ಗಡಿ ಅಂಕಿಯ ಬಗ್ಗೆ ಒಂದು ಮಾತು. ದೊಡ್ಡವರ ಸೀರಂನಲ್ಲಿ ಸೇದುವವರನ್ನೂ ಸೇದದವರನ್ನೂ ಬೇರೆ ಮಾಡಲು ಹಿಂದೆಲ್ಲ ಮಿಲಿಲೀಟರ್‌ಗೆ 14-15 ನ್ಯಾನೋಗ್ರಾಂ ಬಳಸುತ್ತಿದ್ದರು. ಅಮೆರಿಕದ ಜನಸಂಖ್ಯೆಯ ಅಂಕಿಗಳನ್ನು ನೋಡಿ 2009ರಲ್ಲಿ ಸಂಶೋಧಕರು ಅದು 3 ಇದ್ದರೆ ಸರಿ ಎಂದರು. ಸಾರ್ವಜನಿಕ ಜಾಗಗಳಲ್ಲಿ ಹೊಗೆ ಕಡಿಮೆಯಾದಂತೆ ಸೇದದವರ ರಕ್ತದಲ್ಲಿನ ಕೊಟಿನಿನ್ ಕೂಡ ಇಳಿದಿತ್ತು. ಅಂದರೆ ಗಡಿ ಎಂಬುದು ಸುತ್ತಲಿನ ಗಾಳಿಯ ಜೊತೆ ಬದಲಾಗುವ ವಸ್ತು. ಬಸುರಿಯಲ್ಲಿ ಕೊಟಿನಿನ್ ಬೇಗ ಕರಗುವುದರಿಂದ ಅವರ ಗಡಿ ಇನ್ನೂ ಕೆಳಗಿರಬೇಕು. ನವಜಾತ ಶಿಶುವಿಗಂತೂ ಎಷ್ಟನೇ ಗಂಟೆಯ ರಕ್ತ ಎಂದು ನೋಡಿಯೇ ಗಡಿ ಹಾಕಬೇಕು. ನಿಮ್ಮ ಬಳಿ ಗಂಟೆಯ ದಾಖಲೆ ಇದ್ದರೆ "ಹೌದು, ಇಲ್ಲ" ಎಂದು ಎರಡು ಭಾಗ ಮಾಡುವ ಬದಲು ಅಂಕಿಯನ್ನೇ ಹಿಂದಕ್ಕೆ ಲೆಕ್ಕ ಹಾಕಿ ಬಳಸುವುದು ಒಳ್ಳೆಯದು.

ಡಿಎನ್‌ಎ ಮೇಲಿನ ಗುರುತು: ನಿಧಾನವಾಗಿ ಬರುತ್ತದೆ, ಬೇಗ ಹೋಗುವುದಿಲ್ಲ

ಕೊಟಿನಿನ್ ಎರಡು ಮೂರು ದಿನದ ಕಥೆ ಹೇಳಿದರೆ, ಮಿಥೈಲೇಷನ್ ತಿಂಗಳುಗಳ ಕಥೆ ಹೇಳುತ್ತದೆ. ಡಿಎನ್‌ಎಯ ಕೆಲವು ಜಾಗಗಳಲ್ಲಿ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಂಡಿರುತ್ತದೆ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು ಎಂಬುದರಲ್ಲಿ ಅದಕ್ಕೂ ಪಾತ್ರವಿದೆ. ಹೊಗೆಯ ವಿಷಗಳನ್ನು ನಿಭಾಯಿಸಲು ಹೋಗಿ ಮಗುವಿನ ಜೀವಕೋಶಗಳಲ್ಲಿ ಈ ಗುರುತುಗಳು ಬದಲಾಗುತ್ತವೆ.

2012ರಲ್ಲಿ ನಾರ್ವೆಯ ತಾಯಿ-ಮಗು ಅಧ್ಯಯನದ 1,062 ಶಿಶುಗಳ ಬಳ್ಳಿ ರಕ್ತದಲ್ಲಿ ಸುಮಾರು 4,50,000 ಜಾಗಗಳನ್ನು ನೋಡಿದರು. ತಾಯಂದಿರು ಸೇದುತ್ತಿದ್ದರೋ ಎಂದು ತಿಳಿಯಲು ಬಸುರಿನ 18ನೇ ವಾರದ ಸುಮಾರಿಗೆ ತೆಗೆದ ರಕ್ತದ ಕೊಟಿನಿನ್ ಬಳಸಿದ್ದರು. 10 ಜೀನ್‌ಗಳಲ್ಲಿ 26 ಜಾಗಗಳು ಸ್ಪಷ್ಟವಾಗಿ ಬೇರೆಯಾಗಿದ್ದವು. ಎಎಚ್‌ಆರ್‌ಆರ್ ಎಂಬ ಜೀನ್‌ನಲ್ಲಿ ಮಿಥೈಲೇಷನ್ ಇಳಿದಿತ್ತು, ಸಿವೈಪಿ1ಎ1ನಲ್ಲಿ ಏರಿತ್ತು. ಎರಡೂ ಹೊಗೆಯಲ್ಲಿರುವ ವಿಷಗಳನ್ನು ಗುರುತಿಸಿ ಕರಗಿಸುವ ವ್ಯವಸ್ಥೆಗೆ ಸೇರಿದ ಜೀನ್‌ಗಳೇ. 2016ರಲ್ಲಿ 13 ಅಧ್ಯಯನಗಳ 6,685 ಶಿಶುಗಳನ್ನು ಒಟ್ಟಿಗೆ ನೋಡಿದಾಗ ಇಂಥ ಜಾಗಗಳ ಸಂಖ್ಯೆ 6,000 ದಾಟಿತು. ಮರುವರ್ಷ 28 ಜಾಗಗಳನ್ನು ಸೇರಿಸಿ ಒಂದೇ ಅಂಕವಾಗಿ ಮಾಡಿ, ತಾಯಿ ಬಸುರಿನುದ್ದಕ್ಕೂ ಸೇದಿದ್ದಳೇ ಎಂದು ಮಗುವಿನ ರಕ್ತದಿಂದಲೇ ಹೇಳುವ ಪ್ರಯತ್ನವೂ ಆಯಿತು.

ಈ ಅಂಕದ ಸ್ವಭಾವ ತಿಳಿದುಕೊಂಡು ಬಳಸಬೇಕು. ಸೇದದ ತಾಯಿಯ ಮಗುವನ್ನು ಸುಮ್ಮಸುಮ್ಮನೆ "ಹೌದು" ಎನ್ನುವುದು ಬಹಳ ಕಡಿಮೆ. ಆದರೆ ಸೇದಿದವರ ಮಕ್ಕಳಲ್ಲಿ ಸಾಕಷ್ಟು ಜನರನ್ನು ಅದು ಕಾಣದೆ ಬಿಟ್ಟುಬಿಡುತ್ತದೆ. ಅದಕ್ಕಿಂತ ಮುಖ್ಯ ಸಂಗತಿ, ಗುರುತು ಬಲವಾಗಿ ಮೂಡುವುದು ಬಸುರಿನ ಅರ್ಧ ದಾಟಿದ ಮೇಲೂ ಸೇದುವುದು ಮುಂದುವರಿದಾಗ. ಮೊದಲ ತಿಂಗಳುಗಳಲ್ಲೇ ಬಿಟ್ಟವರ ಮಕ್ಕಳು ಹೆಚ್ಚುಕಡಿಮೆ ಸೇದದವರ ಮಕ್ಕಳಂತೆಯೇ ಕಾಣುತ್ತಾರೆ. ಇದು ನನಗೆ ಈ ಇಡೀ ವಿಷಯದಲ್ಲೇ ತುಂಬ ಸಂತೋಷ ಕೊಡುವ ಸಂಗತಿ. ಬೇಗ ಬಿಟ್ಟರೆ ಲಾಭವಿದೆ ಎಂದು ತಾಯಂದಿರಿಗೆ ಹೇಳುವಾಗ ಇಂಥದ್ದೊಂದು ಆಧಾರ ಕೈಯಲ್ಲಿರುವುದು ಸಣ್ಣ ಮಾತಲ್ಲ.

ಗುರುತು ಎಷ್ಟು ಕಾಲ ಉಳಿಯುತ್ತದೆ? ಕೆಲವು ಜಾಗಗಳಲ್ಲಿ ಹದಿಹರೆಯದವರೆಗೂ ಕಂಡಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತಲಿನ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನದಲ್ಲಿ 17ರ ವಯಸ್ಸಿನಲ್ಲೂ ಕೆಲವು ಗುರುತುಗಳು ಹಾಗೇ ಇದ್ದವು. ಹುಟ್ಟಿದಾಗ ಯಾರೂ ಏನೂ ಅಳೆಯದ ಮಕ್ಕಳ ಬಗ್ಗೆಯೂ ಈಗ ಏನಾದರೂ ಹೇಳಲು ಸಾಧ್ಯವಾಗುವುದು ಇದೊಂದರಿಂದಲೇ. ಕೊಟಿನಿನ್‌ಗೆ ಈ ಕೆಲಸ ಆಗುವುದೇ ಇಲ್ಲ.

ಇನ್ನು ಮಿತಿಗಳು. ಈ ಜೀನ್‌ಗಳು ಪ್ರತಿಕ್ರಿಯಿಸುವುದು ಉರಿದ ತಂಬಾಕಿನ ಹೊಗೆಗೆ, ನಿಕೋಟಿನ್‌ಗೆ ಅಲ್ಲ. ಅಗಿಯುವ ತಂಬಾಕು ಅಥವಾ ಇ-ಸಿಗರೇಟು ಇಲ್ಲಿ ತಪ್ಪಿಸಿಕೊಳ್ಳಬಹುದು. ಪಕ್ಕದವರ ಹೊಗೆಯಿಂದ ಆಗುವ ಬದಲಾವಣೆ ಬಹಳ ಸಣ್ಣದು, ಒಂದೊಂದು ಮಗುವಿನ ಮಟ್ಟದಲ್ಲಿ ಅದನ್ನು ಹಿಡಿಯಲು ಹೋಗಬೇಡಿ. ಬಳ್ಳಿಯ ರಕ್ತದಲ್ಲಿ ಬಿಳಿಕಣಗಳ ವಿಧಗಳು ಮಗುವಿನಿಂದ ಮಗುವಿಗೆ ಬೇರೆ ಬೇರೆ ಪಾಲಿನಲ್ಲಿರುತ್ತವೆ. ಜೊತೆಗೆ ಡಿಎನ್‌ಎ ಇರುವ ಎಳೆಯ ಕೆಂಪುಕಣಗಳೂ ಇರುತ್ತವೆ. ಇವನ್ನೆಲ್ಲ ಲೆಕ್ಕದಲ್ಲಿ ಸರಿದೂಗಿಸದಿದ್ದರೆ ಕಂಡ ವ್ಯತ್ಯಾಸ ಹೊಗೆಯದ್ದೋ ಕಣಗಳದ್ದೋ ತಿಳಿಯುವುದಿಲ್ಲ. ಅಂಕಗಳನ್ನು ರೂಪಿಸಿದ್ದು ಹೆಚ್ಚಾಗಿ ಯುರೋಪಿಯನ್ ಮೂಲದ ಮಕ್ಕಳ ಮೇಲೆ. ಬೇರೆ ಜನರಲ್ಲಿ ಬಳಸುವ ಮೊದಲು ಅಲ್ಲೇ ಒಮ್ಮೆ ಪರೀಕ್ಷಿಸಿ ನೋಡಬೇಕು. ಖರ್ಚೂ ಜಾಸ್ತಿ. ಆದರೆ ಒಣ ಚುಕ್ಕೆಯಿಂದಲೂ ಈ ಕೆಲಸಕ್ಕೆ ಬೇಕಾದಷ್ಟು ಡಿಎನ್‌ಎ ತೆಗೆಯಬಹುದು ಎಂಬುದು ದೊಡ್ಡ ಅನುಕೂಲ.

ರಕ್ತದಲ್ಲೇ ಸಿಗುವ ಉಳಿದವು

ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಕಾರ್ಬನ್ ಮೊನಾಕ್ಸೈಡ್ ಹಿಡಿದುಕೊಂಡ ಹಿಮೋಗ್ಲೋಬಿನ್, ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆ. ಮಗುವಿನ ರಕ್ತದಲ್ಲಿ ಅದು ತಾಯಿಯದ್ದಕ್ಕಿಂತ ಹೆಚ್ಚಿರುತ್ತದೆ ಎಂಬುದು ಹಾನಿಯನ್ನು ಅರ್ಥ ಮಾಡಿಕೊಳ್ಳಲು ಮುಖ್ಯ. ಪತ್ತೆಗೆ ಮಾತ್ರ ಪ್ರಯೋಜನ ಕಡಿಮೆ. ಕೆಂಪುಕಣಗಳು ಒಡೆಯುವ ಕಾಯಿಲೆ ಇರುವ ಮಗುವಿನ ಮೈಯಲ್ಲೇ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಅದೂ ಅಂಕಿಯನ್ನು ಕೆಡಿಸುತ್ತದೆ.

ಹೊಗೆಯ ಸಯನೈಡ್‌ನಿಂದ ಮೈಯಲ್ಲಿ ಆಗುವ ಥಯೋಸೈನೇಟ್ ನೋಡುವುದು ಹಳೆಯ ಪರೀಕ್ಷೆ. ವಾರಗಟ್ಟಲೆ ಉಳಿಯುತ್ತದೆ ನಿಜ, ಆದರೆ ಎಲೆಕೋಸು, ಮರಗೆಣಸು ತಿಂದರೂ ಏರುತ್ತದೆ. ಇವತ್ತು ಹೊಸದಾಗಿ ಶುರು ಮಾಡುವವರು ಇದನ್ನು ಆರಿಸಲು ಕಾರಣವಿಲ್ಲ.

ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ವಿಷಗಳು ಇದಕ್ಕಿಂತ ಕುತೂಹಲದವು. ಹೊಗೆಯಲ್ಲಿನ 4-ಅಮೈನೋಬೈಫೀನೈಲ್, ಅಕ್ರಿಲೋನೈಟ್ರೈಲ್ ಮುಂತಾದವು ಹಿಮೋಗ್ಲೋಬಿನ್‌ಗೆ ಗಟ್ಟಿಯಾಗಿ ಕಚ್ಚಿಕೊಂಡು ಆ ಕೆಂಪುಕಣ ಸಾಯುವವರೆಗೂ ಬಿಡುವುದಿಲ್ಲ. ನವಜಾತ ಶಿಶುವಿನ ಕೆಂಪುಕಣದ ಆಯಸ್ಸು 60ರಿಂದ 90 ದಿನ. ಹಾಗಾಗಿ ಬಸುರಿನ ಕೊನೆಯ ಎರಡು ಮೂರು ತಿಂಗಳ ಚಿತ್ರ ಸಿಗುತ್ತದೆ. ಕೊಟಿನಿನ್‌ಗೂ ಮಿಥೈಲೇಷನ್‌ಗೂ ನಡುವಿನ ಕಿಟಕಿ ಇದು. 4-ಅಮೈನೋಬೈಫೀನೈಲ್ ಕ್ಯಾನ್ಸರ್ ತರುವ ವಸ್ತು ಆದ್ದರಿಂದ ಗುರುತು ಸಿಕ್ಕಿತು ಎಂದರೆ ಹಾನಿಯ ವಸ್ತುವೇ ಮಗುವನ್ನು ಮುಟ್ಟಿದೆ ಎಂದರ್ಥ. ಅಳೆಯುವ ಕೆಲಸ ಮಾತ್ರ ಕಷ್ಟದ್ದು, ಕೆಲವೇ ಲ್ಯಾಬ್‌ಗಳಿಗೆ ಕೈಗೂಡಿದ್ದು.

ರಕ್ತ ಬೇಡ ಎನ್ನುವ ಸಂದರ್ಭಗಳು

ಕೆಲವೊಮ್ಮೆ ರಕ್ತ ಸರಿಯಾದ ಆಯ್ಕೆಯೇ ಅಲ್ಲ. ಮಗುವಿನ ಮೊದಲ ಕಪ್ಪು ಮಲ, ಮೆಕೋನಿಯಂ, ಬಸುರಿನ ಮಧ್ಯದಿಂದಲೇ ಕರುಳಿನಲ್ಲಿ ಸೇರುತ್ತಾ ಹೋಗುತ್ತದೆ. ಅದರಲ್ಲಿನ ನಿಕೋಟಿನ್, ಕೊಟಿನಿನ್, ಹೈಡ್ರಾಕ್ಸಿಕೊಟಿನಿನ್ ಮೂರನ್ನೂ ಅಳೆದರೆ ಮುಖ್ಯವಾಗಿ ಕೊನೆಯ ಮೂರು ತಿಂಗಳ ಸುದ್ದಿ ತಿಳಿಯುತ್ತದೆ. ಹೆರಿಗೆಯ ಹಿಂದಿನ ದಿನ ಸೇದಲಿಲ್ಲ ಎಂಬ ಕಾರಣಕ್ಕೆ ಇದು ಖಾಲಿ ಬರುವುದಿಲ್ಲ. ಚುಚ್ಚುವುದೂ ಬೇಡ. ಆದರೆ ಮೊದಲ ಎರಡು ದಿನದ ಡಯಾಪರ್‌ಗಳಿಂದ ಹುಡುಕಿ ತೆಗೆಯಬೇಕು. ಹೆರಿಗೆಗೆ ಮುಂಚೆಯೇ ಮಗು ಒಳಗೇ ಮಲ ಬಿಟ್ಟಿದ್ದರೆ ಸ್ಯಾಂಪಲ್ ಸಿಗದು. ಹಳೆಯ ಕಾರ್ಡುಗಳಿದ್ದಂತೆ ಕೂಡಿಟ್ಟ ಮೆಕೋನಿಯಂ ಸಾಮಾನ್ಯವಾಗಿ ಇರುವುದಿಲ್ಲ. ಕೊನೆಯ ಮೂರು ತಿಂಗಳ ಬಗ್ಗೆ ಒಂದು ಆಸ್ಪತ್ರೆಯ ಮಟ್ಟದಲ್ಲಿ ಅಧ್ಯಯನ ಮಾಡುವವರಿಗೆ ನಾನು ಹಿಮ್ಮಡಿ ರಕ್ತಕ್ಕಿಂತ ಇದನ್ನೇ ಹೇಳುತ್ತೇನೆ.

ಮಗುವಿನ ಕೂದಲು ಕೂಡ ತಿಂಗಳುಗಳ ಲೆಕ್ಕ ಇಡುತ್ತದೆ. ಆದರೆ ಎಷ್ಟೋ ಮಕ್ಕಳಿಗೆ ಸಾಕಷ್ಟು ಕೂದಲೇ ಇರುವುದಿಲ್ಲ. ಇದ್ದರೂ ಕತ್ತರಿಸಲು ತಾಯಂದಿರು ಒಪ್ಪುವುದು ಕಡಿಮೆ. ಮೂತ್ರದಲ್ಲಿ ಎನ್‌ಎನ್‌ಎಎಲ್ ಎಂಬ ವಸ್ತು ನೋಡಬಹುದು. ಅದು ತಂಬಾಕಿನಲ್ಲಿ ಮಾತ್ರ ಇರುವ ಕ್ಯಾನ್ಸರ್‌ಕಾರಕದಿಂದ ಬರುವಂಥದ್ದು. ಕೊಟಿನಿನ್‌ಗಿಂತ ಬಹಳ ದಿನ ಉಳಿಯುತ್ತದೆ. ಸೇದುವ ತಾಯಂದಿರ ನವಜಾತ ಶಿಶುಗಳ ಮೂತ್ರದಲ್ಲಿ ಅದು ಸಿಕ್ಕಿದೆ.

ತಾಯಿ ತಂಬಾಕು ಬಿಡಲು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ (ಪ್ಯಾಚ್) ಅಥವಾ ಗಮ್ ಬಳಸುತ್ತಿದ್ದರೆ ಕೊಟಿನಿನ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಬಿಟ್ಟವಳ ಮಗುವೂ ಸೇದುವವಳ ಮಗುವಿನಂತೆ ಕಾಣುತ್ತದೆ. ಆಗ ತಾಯಿಯ ಮೂತ್ರದಲ್ಲಿ ಅನಬೇಸಿನ್ ನೋಡಬೇಕು. ಅದು ತಂಬಾಕಿನ ಎಲೆಯಲ್ಲಿರುತ್ತದೆ, ಪಟ್ಟಿಯಲ್ಲಿ ಇರುವುದಿಲ್ಲ. ಅಥವಾ ತಾಯಿಯ ಉಸಿರಿನ ಕಾರ್ಬನ್ ಮೊನಾಕ್ಸೈಡ್ ನೋಡಬಹುದು. ಬ್ರಿಟನ್‌ನ ಮಾರ್ಗಸೂಚಿಯಲ್ಲಿ 4 ಪಿಪಿಎಂ (ಹತ್ತು ಲಕ್ಷದಲ್ಲಿ 4 ಭಾಗ) ಅಥವಾ ಅದಕ್ಕಿಂತ ಜಾಸ್ತಿ ಬಂದ ಗರ್ಭಿಣಿಯರನ್ನು ತಂಬಾಕು ಬಿಡಿಸುವ ಸೇವೆಗೆ ಕಳಿಸುತ್ತಾರೆ. ಯಂತ್ರಕ್ಕೆ ಊದಿದರೆ ನಿಮಿಷದಲ್ಲಿ ಉತ್ತರ. ಆದರೆ ಅಗಿಯುವ ತಂಬಾಕು ಅದಕ್ಕೆ ಕಾಣುವುದೇ ಇಲ್ಲ.

ತಾಯಿಯ ಮಾತನ್ನು ಮರೆಯಬೇಡಿ. ಹೆದರಿಕೆಯಿಂದ, ನಾಚಿಕೆಯಿಂದ ಕೆಲವರು ಇಲ್ಲ ಎನ್ನುತ್ತಾರೆ ಎಂಬುದು ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಹಾಗೆಂದು ಕೇಳುವುದನ್ನೇ ಬಿಟ್ಟರೆ ನಷ್ಟ ನಮಗೇ. ಯಾವ ತಿಂಗಳು ಬಿಟ್ಟಳು, ಮನೆಯಲ್ಲಿ ಇನ್ಯಾರು ಸೇದುತ್ತಾರೆ, ಅಗಿಯುವುದೋ ಸೇದುವುದೋ, ಇದನ್ನು ಯಾವ ಯಂತ್ರವೂ ಹೇಳದು. ಪ್ರತಿ ಗರ್ಭಿಣಿಯನ್ನೂ ತಂಬಾಕು ಬಳಕೆ ಮತ್ತು ಪಕ್ಕದವರ ಹೊಗೆಯ ಬಗ್ಗೆ ಕೇಳಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ.

ಹಾಗಾದರೆ ಆರಿಸುವುದು ಹೇಗೆ

ನೀವು ವಾರ್ಡಿನ ವೈದ್ಯರೋ ನರ್ಸೋ ಆಗಿದ್ದು, ಎದುರಿಗಿರುವ ತಾಯಿಗೆ ನೆರವಾಗಬೇಕಿದ್ದರೆ ಮಗುವಿನ ರಕ್ತ ಪರೀಕ್ಷೆ ಬೇಡ. ಫಲಿತಾಂಶ ಬರುವ ಹೊತ್ತಿಗೆ ಅವಳು ಮನೆ ಸೇರಿರುತ್ತಾಳೆ. ಮಗುವಿಗೆ ಕೊಡುವ ಆರೈಕೆಯೂ ಅದರಿಂದ ಬದಲಾಗುವುದಿಲ್ಲ. ಮೆಲ್ಲಗೆ ಕೇಳಿ, ಬಸುರಿನಲ್ಲೇ ಕೇಳಿ, ಬೇಕಿದ್ದರೆ ಉಸಿರಿನ ಯಂತ್ರ ಬಳಸಿ.

ಒಂದು ಪ್ರದೇಶದಲ್ಲಿ ಎಷ್ಟು ಮಕ್ಕಳಿಗೆ ತಂಬಾಕು ಮುಟ್ಟುತ್ತಿದೆ, ಹೊಸ ಕಾನೂನು ಬಂದ ಮೇಲೆ ಕಡಿಮೆಯಾಯಿತೇ ಎಂದು ತಿಳಿಯಬೇಕಿದ್ದರೆ ಒಣ ಚುಕ್ಕೆಯ ಕೊಟಿನಿನ್‌ಗೆ ಸರಿಸಾಟಿ ಇಲ್ಲ. ಒಂದೊಂದು ಮಗುವಿನ ಅಂಕಿ ಅಲುಗಾಡಿದರೂ ಸಾವಿರಾರು ಸೇರಿದಾಗ ಚಿತ್ರ ಸರಿಯಾಗಿ ಬರುತ್ತದೆ. ಪಕ್ಕದವರ ಹೊಗೆಗೂ ಅಗಿಯುವ ತಂಬಾಕಿಗೂ ಇದೇ ದಾರಿ, ಚುಚ್ಚಿದ್ದು ಮೊದಲ ಎರಡು ದಿನದೊಳಗೆ ಎಂಬ ಷರತ್ತಿನ ಮೇಲೆ.

ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಉಬ್ಬಸ, ಬೆಳವಣಿಗೆ, ಕಲಿಕೆ ನೋಡುವ ಯೋಜನೆ ಇದ್ದರೆ ಬಳ್ಳಿ ರಕ್ತ ತೆಗೆದಿಡಿ. ಒಂದೇ ಟ್ಯೂಬಿನ ಪ್ಲಾಸ್ಮಾದಲ್ಲಿ ಕೊಟಿನಿನ್, ಬಿಳಿಕಣಗಳಲ್ಲಿ ಮಿಥೈಲೇಷನ್. ಬಸುರಿನ ಮಧ್ಯದಲ್ಲಿ ತಾಯಿಯ ರಕ್ತವೋ ಎಂಜಲೋ ಒಮ್ಮೆ ಸಿಕ್ಕರೆ ಇನ್ನೂ ಒಳ್ಳೆಯದು. ಎರಡೂ "ಹೌದು" ಎಂದರೆ ಉದ್ದಕ್ಕೂ ಸೇದಿದ್ದಾಳೆ. ಮಿಥೈಲೇಷನ್ "ಹೌದು", ಕೊಟಿನಿನ್ "ಇಲ್ಲ" ಎಂದರೆ ಕೊನೆಯಲ್ಲಿ ಬಿಟ್ಟಿರಬಹುದು, ಅಥವಾ ಆಸ್ಪತ್ರೆ ಸೇರಿ ಬಹಳ ಹೊತ್ತಿನ ಮೇಲೆ ಹೆರಿಗೆ ಆಗಿರಬಹುದು. ಉಲ್ಟಾ ಬಂದರೆ ಅಗಿಯುವ ತಂಬಾಕು, ಪಟ್ಟಿ, ಇ-ಸಿಗರೇಟಿನ ಬಗ್ಗೆ ಕೇಳಿ ನೋಡಿ. ಅಂಕ ಸೇದುವವರ ಕೆಲವು ಮಕ್ಕಳನ್ನು ಬಿಟ್ಟುಬಿಡುತ್ತದೆ ಎಂಬುದೂ ನೆನಪಿರಲಿ. ಎರಡು ಗುರುತು ಒಂದಕ್ಕೊಂದು ಒಪ್ಪದಿದ್ದಾಗಲೇ ಹೆಚ್ಚು ತಿಳಿಯುವುದು.

ಯಾವುದನ್ನೇ ಆರಿಸಿದರೂ ಒಪ್ಪಿಗೆಯ ವಿಷಯದಲ್ಲಿ ಅವಸರ ಬೇಡ. ಮಗುವಿನ ರಕ್ತ ಪರೀಕ್ಷಿಸುವುದು ಅಂದರೆ ತಾಯಿ ಏನು ಮಾಡಿದಳು ಎಂದು ಅವಳನ್ನು ಬಿಟ್ಟು ಬೇರೆಯವರಿಂದ ತಿಳಿಯುವುದು. ಟೆಕ್ಸಾಸ್‌ನಲ್ಲಿ ಪೋಷಕರನ್ನು ಕೇಳದೆ ಕಾರ್ಡುಗಳನ್ನು ಕೂಡಿಟ್ಟು ಸಂಶೋಧನೆಗೆ ಕೊಟ್ಟಿದ್ದಕ್ಕೆ 2009ರಲ್ಲಿ ಮೊಕದ್ದಮೆ ಆಗಿ, ರಾಜಿಯ ಭಾಗವಾಗಿ 50 ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ನಾಶ ಮಾಡಬೇಕಾಯಿತು. ಅಷ್ಟು ದೊಡ್ಡ ಸಂಗ್ರಹ, ಮೊದಲೇ ಕೇಳಿದ್ದರೆ ಉಳಿಯುತ್ತಿತ್ತು. ಹೆಸರು ಕಿತ್ತು ಹಾಕಿದ ಸ್ಯಾಂಪಲ್‌ನಲ್ಲಿ ಕೆಲಸ ಆಗುವಂತಿದ್ದರೆ ಹಾಗೇ ಮಾಡಿ. ಫಲಿತಾಂಶ ತಾಯಿಯ ವಿರುದ್ಧ ಬಳಕೆಯಾಗುವ ಸಾಧ್ಯತೆ ಇದ್ದ ಕಡೆ ಹೆಸರಿನ ಸಮೇತ ಪರೀಕ್ಷೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಹೆದರಿದ ತಾಯಿ ಮುಂದಿನ ಸಲ ಆಸ್ಪತ್ರೆಗೇ ಬರದಿದ್ದರೆ ಮಗುವಿಗೆ ತಂಬಾಕಿಗಿಂತ ದೊಡ್ಡ ಕೇಡು.

ಸ್ಯಾಂಪಲ್ ಜೊತೆ ಹೋಗುವ ಚೀಟಿಯಲ್ಲಿ ಇಷ್ಟಂತೂ ಇರಲಿ: ಹುಟ್ಟಿದ ಗಂಟೆ, ರಕ್ತ ತೆಗೆದ ಗಂಟೆ, ತಾಯಿ ಆಸ್ಪತ್ರೆಗೆ ಸೇರಿದ ಗಂಟೆ, ಕೊನೆಯ ಸಲ ತಂಬಾಕು ಮುಟ್ಟಿದ್ದು ಯಾವಾಗ ಮತ್ತು ಯಾವ ರೂಪದಲ್ಲಿ, ನಿಕೋಟಿನ್ ಪಟ್ಟಿ ಅಥವಾ ಗಮ್ ಇತ್ತೇ, ರಕ್ತ ತೆಗೆಯುವ ಮುಂಚೆ ಮಗು ಎದೆಹಾಲು ಕುಡಿದಿತ್ತೇ. ದಿನಾಂಕ ಮಾತ್ರ ಬರೆದ ಚೀಟಿ ಬಂದರೆ ವಾಪಸ್ ಕಳಿಸಿ ಗಂಟೆ ಬರೆಸಿಕೊಳ್ಳಿ.